ಕೆಲಸ ಕೊಡೋಣ, ಬೀಗದ ಕೈ ಬೇಡ

ಕಳೆದ ದಸರಾ ರಜೆಯಲ್ಲಿ ನಮ್ಮ ಶಾಲೆಯಿಂದ ತಮಿಳುನಾಡಿನ ದಿಂಡಿಗಲ್, ತೇನಿ ಮತ್ತು ಕಂಬಂ ಕಣಿವೆಗೆ ಪ್ರವಾಸ ಹೋಗಿ ಬಂದದ್ದು ಪೋಷಕರಿಗೆಲ್ಲ ತಿಳಿದೇ ಇದೆ. ವೈಗೈ ಅಣೆಕಟ್ಟು, ಸುರುಳಿ ಜಲಪಾತ, ಕಂಬಂನ ದ್ರಾಕ್ಷಿ ತೋಟ ಇವುಗಳ ವರ್ಣನೆಯನ್ನು ವಿದ್ಯಾರ್ಥಿಗಳೇ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬರೆದಿದ್ದಾರೆ. ನಾವು ಇಲ್ಲಿ ಬರೆಯ ಹೊರಟಿರುವುದು ಪ್ರವಾಸದ ಕಥೆಯನ್ನಲ್ಲ. ನಮ್ಮ ಶಾಲೆಯ ಗಣಕಯಂತ್ರದ ಕೊಠಡಿಯಲ್ಲಿ ಬಹಳ ದಿನದಿಂದ ಉಳಿದಿದ್ದ ಒಂದು ಪ್ರಶ್ನೆಗೆ ಆ ಪ್ರವಾಸದಲ್ಲಿ ಉತ್ತರ ಸಿಕ್ಕಿತು. ಆ ಉತ್ತರವನ್ನು ಪೋಷಕರ ಮುಂದೆ ಇಡಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲು ಪ್ರಶ್ನೆ ಏನೆಂದು ಹೇಳಿಬಿಡೋಣ. ನಮ್ಮ ಕೊಠಡಿಯಲ್ಲಿ ಹಳೆಯ ವಿದ್ಯಾರ್ಥಿಗಳು ಕೊಡುಗೆಯಾಗಿ ಕೊಟ್ಟ ಆರು ಗಣಕಯಂತ್ರಗಳಿವೆ. ಅವುಗಳಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ನಡೆಯುತ್ತದೆ. ಕರೆಂಟು ಹೋದಾಗ ಬ್ಯಾಟರಿ ಉಳಿಯಲೆಂದು ಯಂತ್ರಗಳನ್ನು ನಿದ್ರೆಗೆ ಕಳುಹಿಸುತ್ತೇವೆ. ನಾಲ್ಕು ಯಂತ್ರಗಳು ಸುಖವಾಗಿ ಎಚ್ಚರಗೊಳ್ಳುತ್ತವೆ. ಉಳಿದೆರಡರಲ್ಲಿ ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ಸ್ವಿಚ್ ಆರಿಸಿ ಹಾಕದೆ ಬೇರೆ ದಾರಿಯಿಲ್ಲ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಎರಡು ಪಿರಿಯಡ್ಡುಗಳ ಕಾಲ ಕೂತು ಟೈಪು ಮಾಡಿದ ಪ್ರಬಂಧ ಹೀಗೆ ಹೋಯಿತು. ಪೋಷಕರ ಸಭೆಯಲ್ಲಿ ಈ ವಿಷಯ ಬಂದಾಗ, "ಹಳೆಯ ಸಾಮಾನು, ಗುಜರಿಗೆ ಹಾಕಿಬಿಡಿ" ಎಂದು ಕೆಲವರು ಹೇಳಿದರು. ಅವರು ಸಿಟ್ಟಿನಿಂದ ಹೇಳಿದ್ದಲ್ಲ, ಮಕ್ಕಳ ಮೇಲಿನ ಕಾಳಜಿಯಿಂದಲೇ ಹೇಳಿದರು. ಆದರೂ ಆ ಮಾತನ್ನು ನಾವು ಒಪ್ಪಲಾರೆವು. ಏಕೆಂಬುದನ್ನು ಹೇಳುತ್ತೇವೆ.

ದಿಂಡಿಗಲ್ ಎಂದರೆ ಬೀಗ. ಅಲ್ಲಿಯ ಕೈಕೆಲಸದ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ನಮ್ಮ ಮಕ್ಕಳು ಅಂತಹ ಒಂದು ಬೀಗದ ಅಂಗಡಿಗೆ ಹೋದರು. ಅಂಗಡಿಯ ಹಿರಿಯರಿಗೆ ಕನ್ನಡ ಬಾರದು, ನಮ್ಮ ಮಕ್ಕಳಿಗೆ ತಮಿಳು ಬಾರದು. ನಡುವೆ ನಿಂತವನು ಕಂಬಂನ ಒಬ್ಬ ಯುವಕ. ಆ ಕಣಿವೆಯಲ್ಲಿ ತಲೆಮಾರುಗಳಿಂದ ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡು ಬಂದಿರುವ ಒಕ್ಕಲಿಗ ಮನೆಗಳಿವೆ. ಹೊಸ್ತಿಲ ಒಳಗೆ ಕನ್ನಡ, ಹೊರಗೆ ತಮಿಳು. ಈತ ಅಂತಹ ಮನೆಯವನು. ತೇನಿಯಲ್ಲಿ ಗಣಕಯಂತ್ರ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದಾನೆ. ಮಕ್ಕಳು ಅವನನ್ನು ಅಣ್ಣ ಎಂದೇ ಕರೆದರು. ನಾವೂ ಹಾಗೆಯೇ ಕರೆಯುತ್ತೇವೆ.

ಮಕ್ಕಳು ಕೇಳಿದ್ದನ್ನು ಅಣ್ಣ ತಮಿಳಿನಲ್ಲಿ ಹೇಳುತ್ತಿದ್ದ. ಹಿರಿಯರು ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದ. ಅಷ್ಟರಲ್ಲಿ ನಮ್ಮ ಹುಡುಗನೊಬ್ಬ, ಅರ್ಧ ಮುಗಿದಿದ್ದ ಒಂದು ಬೀಗವನ್ನು ತನ್ನ ಕೈಗೆ ಕೊಡಿ, ಪೂರ್ತಿ ಬಿಚ್ಚಿ ನೋಡುತ್ತೇನೆ ಎಂದ. ಅಣ್ಣ ಆ ಮಾತನ್ನು ಹಿರಿಯರಿಗೆ ದಾಟಿಸಲೇ ಇಲ್ಲ. "ಅದು ಯಾರೋ ಹೇಳಿ ಮಾಡಿಸುತ್ತಿರುವ ಬೀಗ ಕಣಪ್ಪಾ, ಅದನ್ನು ಕೇಳಬಾರದು. ಬೇಕಾದರೆ ಹಳೆಯದೊಂದನ್ನು ತೋರಿಸಿ ಎನ್ನುತ್ತೇನೆ" ಎಂದು ಮೆಲ್ಲಗೆ ತಿಳಿಹೇಳಿದ. ಹಳೆಯ ಬೀಗವೇ ಬಂತು. ಹುಡುಗ ಮನಸಾರೆ ಬಿಚ್ಚಿ ನೋಡಿದ. ಅಂಗಡಿಗೂ ನಷ್ಟವಾಗಲಿಲ್ಲ. ಈ ಚಿಕ್ಕ ಘಟನೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದೇ ಉಪಯೋಗಕ್ಕೆ ಬರುತ್ತದೆ.

ಆ ರಾತ್ರಿ ಕಂಬಂನಲ್ಲಿ ಅಣ್ಣನ ಮನೆಯಲ್ಲಿಯೇ ಊಟ. ಊಟವಾದ ಮೇಲೆ ಅವನು ತನ್ನ ಹಳೆಯ ಲ್ಯಾಪ್‌ಟಾಪನ್ನು ತಂದು ತೋರಿಸಿದ. ತಮಿಳುನಾಡು ಸರ್ಕಾರ 2011ರ ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡುವ ಯೋಜನೆಯನ್ನು ಆರಂಭಿಸಿತಷ್ಟೆ. ಹನ್ನೆರಡನೆಯ ತರಗತಿಯಲ್ಲಿದ್ದಾಗ ಅವನಿಗೂ ಒಂದು ಬಂದಿತ್ತು. ಅದರಲ್ಲಿ ವಿಂಡೋಸ್ ಜೊತೆಗೆ ಬಾಸ್ ಲಿನಕ್ಸ್ ಕೂಡ ಇತ್ತು. ಬಾಸ್ ಎಂಬುದು ಸಿ-ಡ್ಯಾಕ್ ಸಂಸ್ಥೆಯವರು ಚೆನ್ನೈಯಲ್ಲಿ ಸಿದ್ಧಪಡಿಸಿದ ಲಿನಕ್ಸ್. "ಸಾರ್, ನಾನು ಈ ಕೆಲಸ ಕಲಿತದ್ದೇ ಇದನ್ನು ಹಾಳು ಮಾಡಿ, ಸರಿ ಮಾಡಿ" ಎಂದು ನಕ್ಕ. ಆಗ ನಾವು ನಮ್ಮ ಎರಡು ಯಂತ್ರಗಳ ಕಪ್ಪು ಪರದೆಯ ಕಥೆ ಹೇಳಿದೆವು. ಅವನು ಕೊಟ್ಟ ವಿವರಣೆಯನ್ನು, ಆಮೇಲೆ ನಾವು ಓದಿ ತಿಳಿದುಕೊಂಡದ್ದನ್ನೂ ಸೇರಿಸಿ, ನಮಗೆ ತಿಳಿದಂತೆ ಇಲ್ಲಿ ಬರೆಯುತ್ತೇವೆ.

ಗಣಕಯಂತ್ರದ ಸ್ವಿಚ್ ಹಾಕಿದೊಡನೆ ಮೊದಲು ಓಡುವುದು ವಿಂಡೋಸೂ ಅಲ್ಲ, ಲಿನಕ್ಸೂ ಅಲ್ಲ. ಯಂತ್ರದ ಹಲಗೆಯ ಮೇಲೆ ಒಂದು ಚಿಪ್ಪಿನಲ್ಲಿ ತಯಾರಕರೇ ಬರೆದಿಟ್ಟ ಒಂದು ಕ್ರಮವಿಧಿ ಇರುತ್ತದೆ. ಅದರ ಹೆಸರು ಬಯಾಸ್. ಕೀಲಿಮಣೆ ಎಲ್ಲಿದೆ, ಪರದೆ ಯಾವುದು, ಡಿಸ್ಕು ಯಾವುದು ಎಂದು ನೋಡಿಕೊಂಡು, ಅವುಗಳನ್ನೆಲ್ಲ ಎಬ್ಬಿಸಿ, ಆಮೇಲೆ ಆಪರೇಟಿಂಗ್ ಸಿಸ್ಟಮನ್ನು ಒಳಗೆ ಕರೆತರುವುದು ಅದರ ಕೆಲಸ. 1981ರಲ್ಲಿ ಐಬಿಎಂ ಕಂಪನಿಯ ಪಿಸಿ ಬಂದಾಗ ಅದರ ಬಯಾಸ್ ಕೇವಲ 8 ಕಿಲೋಬೈಟಿನಷ್ಟಿತ್ತು. ಪರದೆಯ ಕಾರ್ಡಿಗೂ ತನ್ನದೇ ಆದ ಒಂದು ಚಿಕ್ಕ ಬಯಾಸ್ ಇರುವುದುಂಟು. ಆ ಕಾರ್ಡನ್ನು ಹೇಗೆ ಎಬ್ಬಿಸಬೇಕೆಂಬ ಗುಟ್ಟು ಅದಕ್ಕೇ ಚೆನ್ನಾಗಿ ಗೊತ್ತು.

ಆ ಕಾಲದ ಪ್ರೊಸೆಸರಿಗೆ ಕಾಣುತ್ತಿದ್ದ ಮೆಮೊರಿ ಒಟ್ಟು ಹತ್ತು ಲಕ್ಷ ಬೈಟಿಗಿಂತ ತುಸು ಹೆಚ್ಚು. ಲೆಕ್ಕ ಹಿಡಿದು ಹೇಳುವುದಾದರೆ 10,48,576 ಬೈಟು. ಅದರಲ್ಲಿ ಬಾಗಿಲಿಲ್ಲ, ಬೀಗವಿಲ್ಲ. ಯಾವ ಕ್ರಮವಿಧಿ ಬೇಕಾದರೂ ಯಾವ ಜಾಗದಲ್ಲಿ ಬೇಕಾದರೂ ಬರೆಯಬಹುದು. ಮನೆಯಲ್ಲಿ ಒಬ್ಬನೇ ಇದ್ದಾಗ ಕೋಣೆಗಳಿಗೆ ಬೀಗ ಏಕೆ? ಬಯಾಸ್ ಬರೆದವರು ಅಂತಹ ಮನೆಗೆಂದೇ ಬರೆದರು.

ಮುಂದೆ ಕಾಲ ಬದಲಾಯಿತು. 1985ರಲ್ಲಿ ಇಂಟೆಲ್ ಕಂಪನಿ 386 ಎಂಬ ಪ್ರೊಸೆಸರನ್ನು ಹೊರತಂದಿತು. ಅದು 32 ಬಿಟ್ಟಿನದು. ಒಂದೇ ಯಂತ್ರದಲ್ಲಿ ಹಲವು ಕ್ರಮವಿಧಿಗಳು ಒಂದರ ಜಾಗಕ್ಕೆ ಇನ್ನೊಂದು ಕಾಲಿಡದಂತೆ ನಡೆಯುವ ಏರ್ಪಾಡು ಅದರಲ್ಲಿತ್ತು. ಈ ಏರ್ಪಾಡಿನ ಯಜಮಾನಿಕೆ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನೆಲ್‌ನದು. ಯಾರಿಗೆ ಎಷ್ಟು ಮೆಮೊರಿ, ಯಾರು ಯಾವ ಉಪಕರಣ ಮುಟ್ಟಬಹುದು, ಯಾರ ಸರದಿ ಎಷ್ಟು ಹೊತ್ತು, ಎಲ್ಲ ಅದರ ತೀರ್ಮಾನ. ಎಲ್ಲ ಕೋಣೆಗಳ ಬೀಗದ ಕೈ ಗೊಂಚಲೂ ಅದರ ಸೊಂಟದಲ್ಲಿ.

ಈಗ ನಮ್ಮ ಕಪ್ಪು ಪರದೆಗೆ ಬರೋಣ. ಯಂತ್ರ ಗಾಢನಿದ್ರೆಗೆ ಹೋದಾಗ ಪರದೆಯ ಕಾರ್ಡಿಗೆ ವಿದ್ಯುತ್ ನಿಲ್ಲುತ್ತದೆ. ಎಚ್ಚರವಾದಾಗ ಅದನ್ನು ಮತ್ತೆ ಮೊದಲಿನಿಂದ ಸಿದ್ಧಗೊಳಿಸಬೇಕು. ಸ್ವಿಚ್ ಹಾಕಿದಾಗಲಾದರೆ ಬಯಾಸ್ ಆ ಕೆಲಸ ಮಾಡುತ್ತದೆ. ನಿದ್ರೆಯಿಂದ ಏಳುವಾಗ ಅನೇಕ ಯಂತ್ರಗಳ ಬಯಾಸ್ ಅದನ್ನು ಮಾಡುವುದಿಲ್ಲ. ಆ ಕಾರ್ಡಿನ ಪೂರ್ತಿ ವಿವರವನ್ನು ತಯಾರಕರು ಪ್ರಕಟಿಸಿದ್ದರೆ ಕರ್ನೆಲ್ ತಾನೇ ಎಬ್ಬಿಸಬಲ್ಲದು. ಪ್ರಕಟಿಸದಿದ್ದರೆ ಕಾರ್ಡಿನೊಳಗಿರುವ ಹಳೆಯ ಬಯಾಸನ್ನೇ ಕರೆಯಬೇಕು. ಆದರೆ ಅದು 16 ಬಿಟ್ಟಿನ ಹಳೆಯ ಭಾಷೆಯದು, ಬೀಗವಿಲ್ಲದ ಮನೆಯ ರೂಢಿಯದು. ಕರ್ನೆಲ್ ಅದನ್ನು ಹೇಗೆ ಕರೆಯಬೇಕು? ಪ್ರಶ್ನೆ ಇರುವುದು ಇಲ್ಲಿಯೇ.

ಇದಕ್ಕೆ ಮೂರು ದಾರಿಗಳುಂಟು.

ಮೊದಲನೆಯದು ನೇರವಾಗಿ ಕರೆಯುವುದು. ಏಳುವಾಗ ಪ್ರೊಸೆಸರು ಕೆಲವು ಕ್ಷಣ ಹಳೆಯ 16 ಬಿಟ್ಟಿನ ಸ್ಥಿತಿಯಲ್ಲಿಯೇ ಇರುತ್ತದೆ. ಆಗಲೇ ಕಾರ್ಡಿನ ಬಯಾಸಿಗೆ ಹಾರಿ, ಅದರ ಕೆಲಸ ಮುಗಿದ ಮೇಲೆ ಕರ್ನೆಲ್ ತನ್ನ ಸ್ಥಿತಿಗೆ ಮರಳುವುದು. ಲಿನಕ್ಸಿನಲ್ಲಿ ಇದಕ್ಕೊಂದು ಆಯ್ಕೆ ಇದೆ. ಒಂದು ಸಾಲು ಬರೆದರೆ ಸಾಕು. ಆದರೆ ಆ ಕ್ಷಣದಲ್ಲಿ ಯಾವ ಬೀಗವೂ ಹಾಕಿರುವುದಿಲ್ಲ. ಬಯಾಸ್ ತಪ್ಪಿ ಬೇರೆಡೆ ಬರೆದರೆ ಕೇಳುವವರಿಲ್ಲ. ಸುತ್ತುತ್ತಲೇ ಕೂತರೆ ಎಬ್ಬಿಸುವವರಿಲ್ಲ. ಕೆಲವು ಯಂತ್ರಗಳಲ್ಲಿ ಸರಿಹೋಗುತ್ತದೆ, ಕೆಲವು ಅಲ್ಲಿಯೇ ನಿಂತುಹೋಗುತ್ತವೆ. ಸುಮ್ಮನೆ ನಿಂತುಹೋದರೆ ಪುಣ್ಯ. ಕೆಟ್ಟ ಮೆಮೊರಿಯನ್ನು ಸರಿಯೆಂದು ನಂಬಿ ಕರ್ನೆಲ್ ಅದನ್ನೇ ಡಿಸ್ಕಿಗೆ ಬರೆದರೆ, ಮಕ್ಕಳ ಒಂದು ಪ್ರಬಂಧವಲ್ಲ, ಒಂದು ವರ್ಷದ ಕೆಲಸವೇ ಹೋಗಬಹುದು.

ಎರಡನೆಯದು ಬೇಲಿಯೊಳಗೆ ಕರೆಯುವುದು. 386ರಲ್ಲಿಯೇ ಇದಕ್ಕೆಂದು ವರ್ಚುವಲ್ 8086 ಎಂಬ ಒಂದು ಸ್ಥಿತಿಯನ್ನು ಇಟ್ಟಿದ್ದರು. ಕರ್ನೆಲ್ ಬಯಾಸಿಗೆ ಹಳೆಯ ಕಾಲದ ಹತ್ತು ಲಕ್ಷ ಬೈಟಿನ ಮನೆಯಂತೆಯೇ ಕಾಣುವ ಒಂದು ಮನೆ ಕಟ್ಟಿಕೊಡುತ್ತದೆ. ಅದರ ಮೊದಲ 1024 ಬೈಟಿನಲ್ಲಿ ಇರಬೇಕಾದ 256 ವಿಳಾಸಗಳ ಪಟ್ಟಿಯನ್ನೂ ಕೊಡುತ್ತದೆ. ಬಯಾಸ್ ತಾನೇ ಮನೆಯೊಡೆಯನೆಂದು ತಿಳಿದು ಓಡುತ್ತದೆ. ನಿಜವಾಗಿ ಅದಕ್ಕಿರುವುದು ಎಲ್ಲಕ್ಕಿಂತ ಕೆಳಗಿನ ಅಧಿಕಾರ. ಅದು ಯಂತ್ರವನ್ನು ನಿಲ್ಲಿಸುವ ಆದೇಶ ಕೊಟ್ಟರೆ ಯಂತ್ರ ನಿಲ್ಲುವುದಿಲ್ಲ. ಪ್ರೊಸೆಸರು ಕರ್ನೆಲನ್ನು ಕರೆದು ಹೇಳುತ್ತದೆ. ಅನುಮತಿಯಿಲ್ಲದ ಉಪಕರಣ ಮುಟ್ಟ ಹೋದರೂ ಹಾಗೆಯೇ. ಎಷ್ಟು ಹೊತ್ತಾದರೂ ಮುಗಿಸದಿದ್ದರೆ ಗಡಿಯಾರದ ಗಂಟೆ ಕರ್ನೆಲ್‌ಗೇ ಕೇಳುತ್ತದೆ, ಕರ್ನೆಲ್ ಅದನ್ನು ಹೊರಗೆ ಹಾಕುತ್ತದೆ. ಇದು ಬಹಳ ಜಾಣ ಏರ್ಪಾಡು. ಆದರೆ 2003ರಲ್ಲಿ ಎಎಂಡಿ ಕಂಪನಿ 64 ಬಿಟ್ಟಿನ ಪ್ರೊಸೆಸರನ್ನು ತಂದಾಗ, ಅದರ 64 ಬಿಟ್ಟಿನ ಸ್ಥಿತಿಯಲ್ಲಿ ಈ ಬೇಲಿಮನೆಯನ್ನು ಇಡಲಿಲ್ಲ. 64 ಬಿಟ್ಟಿನ ಕರ್ನೆಲ್ ನಡೆಯುವಲ್ಲಿ ಈ ದಾರಿ ಮುಚ್ಚಿದೆ.

ಮೂರನೆಯದು ದುಭಾಷಿಯ ಮೂಲಕ ಕರೆಯುವುದು. ಇಲ್ಲಿ ಬಯಾಸಿನ ಆದೇಶಗಳನ್ನು ಪ್ರೊಸೆಸರು ನೇರವಾಗಿ ಓಡಿಸುವುದೇ ಇಲ್ಲ. ನಡುವೆ ಎಮ್ಯುಲೇಟರ್ ಎಂಬ ಒಂದು ಕ್ರಮವಿಧಿ ಕೂತಿರುತ್ತದೆ. ಅದು ಬಯಾಸಿನ ಒಂದೊಂದೇ ಆದೇಶವನ್ನು ಓದಿ, ಅರ್ಥ ಮಾಡಿಕೊಂಡು, ತಾನೇ ಮಾಡಿ ಮುಗಿಸುತ್ತದೆ. "ಇಂತಹ ಜಾಗದಲ್ಲಿ ಬರೆ" ಎಂದು ಬಯಾಸ್ ಹೇಳಿದರೆ, ಎಮ್ಯುಲೇಟರ್ ತನ್ನ ಬಳಿಯಿರುವ ನಕಲು ಪ್ರತಿಯಲ್ಲಿ ಬರೆಯುತ್ತದೆ. "ಪರದೆಯ ಕಾರ್ಡಿಗೆ ಇದನ್ನು ಕಳುಹಿಸು" ಎಂದರೆ, ಅದು ನ್ಯಾಯವೆಂದು ಕಂಡರೆ ಕಳುಹಿಸುತ್ತದೆ. ಡಿಸ್ಕಿಗೆ ಕೈ ಹಾಕಿದರೆ ಕಳುಹಿಸುವುದಿಲ್ಲ. ದಿಂಡಿಗಲ್ಲಿನ ಅಂಗಡಿಯಲ್ಲಿ ಅಣ್ಣ ಮಾಡಿದ್ದು ಇದನ್ನೇ ಅಲ್ಲವೇ? ದಾಟಿಸಬೇಕಾದ್ದನ್ನು ದಾಟಿಸಿದ, ದಾಟಿಸಬಾರದ್ದನ್ನು ತಡೆದ, ಅಸಲು ಬೀಗದ ಬದಲು ಹಳೆಯದನ್ನು ಕೈಗೆ ಕೊಟ್ಟ.

ಇದು ಇಂದು ಹೊಸದಾಗಿ ಹುಟ್ಟಿದ ಉಪಾಯವೂ ಅಲ್ಲ. ವಿಂಡೋಸ್ ಎನ್‌ಟಿ ಇಂಟೆಲ್ ಅಲ್ಲದ ಆಲ್ಫಾದಂತಹ ಪ್ರೊಸೆಸರುಗಳ ಮೇಲೆಯೂ ನಡೆಯುತ್ತಿದ್ದ ಕಾಲವೊಂದಿತ್ತು. ಆ ಪ್ರೊಸೆಸರಿಗೆ ಪರದೆಯ ಕಾರ್ಡಿನ ಬಯಾಸ್ ಬರೆದ ಭಾಷೆಯೇ ತಿಳಿಯದು. ಆಗ ಅಲ್ಲಿ ಎಮ್ಯುಲೇಟರನ್ನೇ ಇಟ್ಟು ಕಾರ್ಡನ್ನು ಎಬ್ಬಿಸುತ್ತಿದ್ದರು. ಲಿನಕ್ಸಿನಲ್ಲಿ 2008ರ ಆರಂಭದಲ್ಲಿ ಬಂದ ಯುವೆಸಾಎಫ್‌ಬಿ ಎಂಬ ಭಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಕರ್ನೆಲ್ ಬಯಾಸನ್ನು ತನ್ನ ಅಂಗಳಕ್ಕೇ ಬಿಟ್ಟುಕೊಳ್ಳುವುದಿಲ್ಲ. ಕರ್ನೆಲ್‌ನ ಹೊರಗೆ ಓಡುವ ಒಬ್ಬ ಸಹಾಯಕನಿಗೆ ಚೀಟಿ ಕಳುಹಿಸುತ್ತದೆ. ಅವನು ಎಮ್ಯುಲೇಟರಿನಲ್ಲಿ ಬಯಾಸನ್ನು ಓಡಿಸಿ ಉತ್ತರ ತರುತ್ತಾನೆ. ಅವನು ಎಡವಿ ಬಿದ್ದರೂ ಮನೆ ನಿಂತಿರುತ್ತದೆ.

ನಮ್ಮ ಅಭಿಪ್ರಾಯವನ್ನು ಈಗ ಸ್ಪಷ್ಟವಾಗಿ ಹೇಳುತ್ತೇವೆ. ಕರ್ನೆಲ್ ಒಳಗಿನಿಂದ ಹಳೆಯ ಬಯಾಸನ್ನು ಕರೆಯಲೇಬೇಕಾಗಿ ಬಂದರೆ ಅದನ್ನು ದುಭಾಷಿಯ ಮೂಲಕವೇ ಕರೆಯಬೇಕು. ಒಂದು ಸಾಲಿನ ಸುಲಭದ ದಾರಿಯನ್ನು ಮಕ್ಕಳ ಕೆಲಸವಿರುವ ಯಂತ್ರದಲ್ಲಿ ಹಿಡಿಯಬಾರದು. ಅಸಲು ಮೆಮೊರಿ ಕೊಡಬಾರದು, ನಕಲು ಕೊಡಬೇಕು. ಬೇಕಾದ ಉಪಕರಣವನ್ನಷ್ಟೇ ಮುಟ್ಟಲು ಬಿಡಬೇಕು. ಗಡುವು ಇಡಬೇಕು. ಅದು ಕೊಟ್ಟ ಉತ್ತರವನ್ನು ಪರೀಕ್ಷಿಸದೆ ನಂಬಬಾರದು.

ಇದಕ್ಕೆ ಎದುರು ಮಾತುಗಳಿವೆ. ನಮ್ಮ ಕೊಠಡಿಯಲ್ಲಿಯೇ ವಿದ್ಯಾರ್ಥಿಗಳು ಅವನ್ನು ಎತ್ತಿದರು.

ದುಭಾಷಿ ನಿಧಾನವಲ್ಲವೇ ಎಂದು ಕೆಲವರು ಕೇಳಿದರು. ನಿಧಾನವೇ ಸರಿ. ಒಂದು ಆದೇಶಕ್ಕೆ ಹತ್ತಾರು ಆದೇಶಗಳ ಕೆಲಸ ನಡೆಯುತ್ತದೆ. ಆದರೆ ಪರದೆಯನ್ನು ಎಬ್ಬಿಸುವುದು ನಿದ್ರೆಗೊಮ್ಮೆ ಆಗುವ ಕೆಲಸ. ಅದಕ್ಕಾಗಿ ತುಸು ಕಾಯುವುದು ಪ್ರಬಂಧ ಕಳೆದುಕೊಳ್ಳುವುದಕ್ಕಿಂತ ಮೇಲು.

ಬೇಲಿ ಹಾಕಿದರೆ ಸಂಪೂರ್ಣ ಕ್ಷೇಮವೇ ಎಂದು ಇನ್ನೊಬ್ಬರು ಕೇಳಿದರು. ಅಲ್ಲ. ಬಯಾಸಿನ ಕೆಲಸವೇ ಉಪಕರಣವನ್ನು ಎಬ್ಬಿಸುವುದಾದ್ದರಿಂದ ಎಲ್ಲೋ ಒಂದು ಕಡೆ ನಿಜವಾದ ಉಪಕರಣಕ್ಕೆ ಅದರ ಮಾತು ತಲುಪಲೇಬೇಕು. ಆ ಕಿಂಡಿಯಿಂದ ಅಪಾಯವೂ ನುಸುಳಬಹುದು. ಪರದೆಯ ಕಾರ್ಡಿಗೆ ತಪ್ಪು ಸಂಖ್ಯೆ ಕಳುಹಿಸಿದರೆ ಎಮ್ಯುಲೇಟರಿಗೆ ಅದು ತಪ್ಪೆಂದು ತಿಳಿಯದು. ಆದ್ದರಿಂದ ಕಿಂಡಿ ಚಿಕ್ಕದಾದಷ್ಟೂ ಒಳ್ಳೆಯದು. ಬೀಗ ಹಾಕಿದ ಮನೆಗೂ ಕಳ್ಳ ಬರುತ್ತಾನೆಂದು ಯಾರೂ ಬಾಗಿಲು ತೆರೆದಿಟ್ಟು ಮಲಗುವುದಿಲ್ಲವಷ್ಟೆ.

ಹಳೆಯ ಬಯಾಸೇ ಬೇಡ, ಹೊಸ ಯಂತ್ರ ಕೊಳ್ಳೋಣ ಎಂಬುದು ಮೂರನೆಯ ಮಾತು. ಪೋಷಕರ ಸಭೆಯಲ್ಲಿ ಬಂದದ್ದೂ ಇದೇ. ಹಣದ ಪ್ರಶ್ನೆಯನ್ನು ಬದಿಗಿಟ್ಟೇ ಉತ್ತರಿಸುತ್ತೇವೆ. ಹೊಸ ಯಂತ್ರಗಳಲ್ಲಿ ಹಳೆಯ ಬಯಾಸಿನ ಜಾಗಕ್ಕೆ ಯುಇಎಫ್‌ಐ ಎಂಬ ಹೊಸ ವ್ಯವಸ್ಥೆ ಬಂದಿದೆ. ಅದು ಹೊಸ ಭಾಷೆಯಲ್ಲಿಯೇ ಬರೆದದ್ದು, ನಿಜ. ಆದರೆ ಕರ್ನೆಲ್ ಅದನ್ನೂ ಆಗಾಗ ಕರೆಯಬೇಕಾಗುತ್ತದೆ. ಆ ಯುಇಎಫ್‌ಐಯಲ್ಲಿಯೂ ತಪ್ಪುಗಳಿಲ್ಲದಿಲ್ಲ. ಅದು ಉಳಿಸಿಟ್ಟುಕೊಳ್ಳುವ ಕೆಲವು ಮಾಹಿತಿಗಳನ್ನು ಅಳಿಸಿದರೆ ಕೆಲವು ಯಂತ್ರಗಳು ಮತ್ತೆ ಏಳುವುದೇ ಇಲ್ಲವೆಂದು ಕಂಡುಬಂದ ಮೇಲೆ, 2016ರಲ್ಲಿ ಲಿನಕ್ಸಿನವರು ಅವು ಸುಲಭವಾಗಿ ಅಳಿಸಿಹೋಗದಂತೆ ತಡೆ ಹಾಕಿದರು. ಲಿನಕ್ಸ್ ಇಂದು ಅದನ್ನು ಕರೆಯುವಾಗ ಅದಕ್ಕೆಂದೇ ಬೇರೆ ಮೆಮೊರಿ ಪಟ್ಟಿಯನ್ನು ಬಳಸುತ್ತದೆ. ಅದು ಸಲ್ಲದ ಜಾಗಕ್ಕೆ ಕೈಯಿಟ್ಟರೆ ಅದನ್ನಷ್ಟೇ ನಿಲ್ಲಿಸಿ ಉಳಿದ ಯಂತ್ರ ಮುಂದುವರಿಯುವ ಏರ್ಪಾಡು 2018ರಲ್ಲಿ ಬಂತು. ಹಳೆಯದಕ್ಕೆ ಬೇಲಿ ಹಾಕಲು ಕಲಿಯದವನು ಹೊಸದಕ್ಕೂ ಹಾಕಲಾರ. ಯಂತ್ರ ಬದಲಾಯಿಸಿದ ಮಾತ್ರಕ್ಕೆ ಪ್ರಶ್ನೆ ಬದಲಾಗುವುದಿಲ್ಲ.

ಹಿರಿಯರು ಒಂದು ಗಾದೆ ಹೇಳುತ್ತಾರೆ: ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ಬಯಾಸನ್ನು ನಾವು ಯಂತ್ರದ ತಳಪಾಯವೆಂದು ನಂಬಿರುತ್ತೇವೆ. ತಳಪಾಯವೆಂಬ ಗೌರವ ಕೊಡೋಣ, ತಪ್ಪಿಲ್ಲ. ಆದರೆ ಅದೂ ಮನುಷ್ಯರೇ ಬರೆದದ್ದು. ಬರೆದವರಿಗೆ ನಮ್ಮ ಇಂದಿನ ಮನೆ ಗೊತ್ತಿರಲಿಲ್ಲ. ಇದು ಅವರ ದೋಷವಲ್ಲ. ಗೊತ್ತಿದ್ದೂ ಅದಕ್ಕೆ ಗೊಂಚಲು ಒಪ್ಪಿಸಿದರೆ ದೋಷ ನಮ್ಮದು.

ಪ್ರವಾಸದಿಂದ ಬಂದ ಮೇಲೆ ನಮ್ಮ ವಿದ್ಯಾರ್ಥಿಗಳು ಅಣ್ಣ ಹೇಳಿದಂತೆ ಮಾಡಿ ನೋಡಿದರು. ಮೊದಲು ಎರಡೂ ಯಂತ್ರಗಳಲ್ಲಿದ್ದ ಮಕ್ಕಳ ಕೆಲಸವನ್ನೆಲ್ಲ ಬೇರೆಡೆ ನಕಲು ಮಾಡಿಟ್ಟರು. ಎಮ್ಯುಲೇಟರಿನ ಮೂಲಕ ಪರದೆಯ ಬಯಾಸನ್ನು ಕರೆಯುವ ಚಿಕ್ಕ ಕ್ರಮವಿಧಿಯೊಂದನ್ನು ಯಂತ್ರ ಏಳುವ ಹೊತ್ತಿಗೆ ಓಡುವಂತೆ ಇಟ್ಟರು. ಒಂದು ಯಂತ್ರದ ಪರದೆ ಈಗ ಬೆಳಗುತ್ತದೆ. ಏಳಲು ಮೊದಲಿಗಿಂತ ತುಸು ಹೊತ್ತು ಹಿಡಿಯುತ್ತದೆ, ಅಷ್ಟೆ. ಇನ್ನೊಂದು ಇಂದಿಗೂ ಕಪ್ಪಾಗಿಯೇ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲವೆಂದು ಇಲ್ಲಿ ಬರೆದಿದ್ದೇವೆ. ಆದರೆ ಅಲ್ಲಿಯೂ ಒಂದು ಲಾಭವಾಯಿತು. ಎಮ್ಯುಲೇಟರು ಕೆಲಸ ಸಾಗದೆ ನಿಂತಿತೇ ಹೊರತು ಯಂತ್ರ ನಿಲ್ಲಲಿಲ್ಲ. ಪರದೆ ಕಾಣದಿದ್ದರೂ ಪಕ್ಕದ ಯಂತ್ರದಿಂದ ಜಾಲದ ಮೂಲಕ ಒಳಹೊಕ್ಕು ಅದರಲ್ಲಿದ್ದ ಕೆಲಸವನ್ನು ಮಕ್ಕಳು ಉಳಿಸಿಕೊಂಡರು. ಪ್ರಬಂಧ ಕಳೆದುಕೊಂಡಿದ್ದ ಹುಡುಗಿಯೇ ಕೂತು ಆ ಕೆಲಸ ಮಾಡಿದಳು. ಬೇಲಿಯ ಬೆಲೆ ಏನೆಂದು ಅವಳಿಗೆ ನಾವು ಹೇಳಿಕೊಡಬೇಕಾಗಲಿಲ್ಲ.

ಪೋಷಕ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟು. ಈ ಆರು ಯಂತ್ರಗಳನ್ನು ಗುಜರಿಗೆ ಹಾಕಬೇಡಿ. ಐದರಲ್ಲಿ ಮಕ್ಕಳು ಬರೆಯಲಿ. ಆರನೆಯದನ್ನು, ಅಂಗಡಿಯ ಹಿರಿಯರು ಹಳೆಯ ಬೀಗವನ್ನು ಕೊಟ್ಟಂತೆ, ಬಿಚ್ಚಿ ನೋಡಲು ಮಕ್ಕಳ ಕೈಗೆ ಕೊಡಿ. ಹೊಸ ಯಂತ್ರದ ಮುಂದೆ ಕೂತ ಮಗು ಅದನ್ನು ಬಳಸಲು ಕಲಿಯುತ್ತದೆ. ಹಳೆಯ ಯಂತ್ರದ ಒಳಗನ್ನು ಕಂಡ ಮಗು, ಯಾರನ್ನು ಎಷ್ಟು ನಂಬಬೇಕು, ಯಾವ ಕೆಲಸಕ್ಕೆ ಎಷ್ಟು ಅಧಿಕಾರ ಕೊಡಬೇಕು ಎಂಬುದನ್ನೂ ಕಲಿಯುತ್ತದೆ.

ವಿದ್ಯಾರ್ಥಿಗಳಿಗೊಂದು ಮಾತು. ಹಳೆಯದೆಂದು ಎಸೆಯುವುದು ಸುಲಭ, ಹಳೆಯದೆಂದು ಕುರುಡಾಗಿ ನಂಬುವುದೂ ಸುಲಭ. ಕಂಬಂನ ಮನೆಯವರು ಇವೆರಡನ್ನೂ ಮಾಡಲಿಲ್ಲ. ಹಳೆಯ ಮಾತನ್ನು ಒಳಗೆ ಉಳಿಸಿಕೊಂಡರು, ಹೊರಗಿನ ಮಾತನ್ನೂ ಚೆನ್ನಾಗಿ ಕಲಿತರು, ಎರಡರ ನಡುವೆ ನಿಲ್ಲಬಲ್ಲ ಮಕ್ಕಳನ್ನು ಬೆಳೆಸಿದರು. ನೀವೂ ಹಾಗೆ ನಡುವೆ ನಿಲ್ಲಲು ಕಲಿಯಿರಿ. ಹಳೆಯದಕ್ಕೆ ಕೆಲಸ ಕೊಡಿ, ಕೂರಲು ಜಾಗ ಕೊಡಿ. ಬೀಗದ ಕೈ ಮಾತ್ರ ನಿಮ್ಮ ಸೊಂಟದಲ್ಲಿರಲಿ.